ಮೂರನೆಯ ಸೂಚನೆ ಕೊಟ್ಟ ಗ್ಯಾರೆಟ್ ಮಾರ್ಗನ್

ಮಕ್ಕಳೇ, ನೀವು ಪೇಟೆಗೆ ಹೋದಾಗ ನಾಲ್ಕು ರಸ್ತೆಗಳು ಕೂಡುವ ಕಡೆ ಸಿಗ್ನಲ್ ದೀಪಗಳನ್ನು ನೋಡಿರುತ್ತೀರಿ. ಕೆಂಪು ಬಂದರೆ ನಿಲ್ಲಬೇಕು, ಹಸಿರು ಬಂದರೆ ಹೋಗಬೇಕು. ಇದು ಒಂದನೆಯ ತರಗತಿಯ ಮಗುವಿಗೂ ಗೊತ್ತು. ಹಾಗಾದರೆ ಇವೆರಡರ ನಡುವೆ ಆ ಹಳದಿ ದೀಪ ಏಕೆ? ನಿಲ್ಲು, ಹೋಗು ಎಂಬ ಎರಡೇ ಸೂಚನೆಗಳು ಸಾಲವೇ? ಮೂರ್ನಾಲ್ಕು ಸೆಕೆಂಡು ಉರಿದು ಆರಿಹೋಗುವ ಆ ದೀಪದಿಂದ ಯಾರಿಗೆ ಏನು ಪ್ರಯೋಜನ?

ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ನಮಗೆ ಒಬ್ಬ ಅಪರೂಪದ ವ್ಯಕ್ತಿಯ ಪರಿಚಯವಾಗುತ್ತದೆ. ಅವರು ದೊಡ್ಡ ಕಾಲೇಜಿನಲ್ಲಿ ಓದಿದವರಲ್ಲ. ನಿಮ್ಮಷ್ಟೇ ವಯಸ್ಸಿನಲ್ಲಿ ಶಾಲೆ ಬಿಟ್ಟವರು. ಹೊಲಿಗೆ ಯಂತ್ರ ರಿಪೇರಿ ಮಾಡಿ ಬದುಕು ಕಟ್ಟಿಕೊಂಡವರು. ಅವರೇ ಅಮೆರಿಕದ ಗ್ಯಾರೆಟ್ ಮಾರ್ಗನ್. ಬನ್ನಿ, ಅವರ ಬದುಕಿನ ಕಥೆಯನ್ನು ತಿಳಿಯೋಣ.

ಶಾಲೆ ಬಿಟ್ಟ ಹುಡುಗ

ಗ್ಯಾರೆಟ್ ಹುಟ್ಟಿದ್ದು 1877ರ ಮಾರ್ಚ್ 4ರಂದು, ಅಮೆರಿಕದ ಕೆಂಟಕಿ ರಾಜ್ಯದಲ್ಲಿ. ಅವನ ಊರಿನ ಹೆಸರು ಪ್ಯಾರಿಸ್. ಇದು ಫ್ರಾನ್ಸ್ ದೇಶದ ರಾಜಧಾನಿ ಪ್ಯಾರಿಸ್ ಅಲ್ಲ, ಅದೇ ಹೆಸರಿನ ಒಂದು ಸಣ್ಣ ಊರು. ಅವನ ತಂದೆ ತಾಯಿ ಕಪ್ಪು ಜನರು. ಒಂದು ಕಾಲದಲ್ಲಿ ಅವರಿಬ್ಬರೂ ಗುಲಾಮರಾಗಿದ್ದರು. ಅಂದರೆ ದನಕರುಗಳನ್ನು ಕೊಂಡು ಮಾರುವಂತೆ ಮನುಷ್ಯರನ್ನೂ ಕೊಂಡು ಮಾರುತ್ತಿದ್ದ ಕಾಲ ಅದು. 1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡಿತು. ಆದರೆ ಬಿಳಿಯರು ಮತ್ತು ಕಪ್ಪು ಜನರ ನಡುವಿನ ಭೇದಭಾವ ಹೋಗಲಿಲ್ಲ. ಶಾಲೆ, ಹೋಟೆಲು, ರೈಲು ಎಲ್ಲದರಲ್ಲೂ ಕಪ್ಪು ಜನರನ್ನು ದೂರ ಇಡುತ್ತಿದ್ದರು.

ಮನೆಯಲ್ಲಿ ಹನ್ನೊಂದು ಮಕ್ಕಳು. ಗ್ಯಾರೆಟ್ ಏಳನೆಯವನು. ಹೊಲದಲ್ಲಿ ದುಡಿಯುತ್ತಲೇ ಶಾಲೆಗೆ ಹೋಗುತ್ತಿದ್ದ. ಪ್ರಾಥಮಿಕ ಹಂತಕ್ಕೇ ಅವನ ಓದು ನಿಂತುಹೋಯಿತು. ಹದಿನಾಲ್ಕು ವರ್ಷದವನಾಗುವ ಹೊತ್ತಿಗೆ ಅವನು ಕೆಲಸ ಹುಡುಕಿಕೊಂಡು ಸಿನ್ಸಿನಾಟಿ ಎಂಬ ನಗರಕ್ಕೆ ಹೊರಟ. ಅಲ್ಲಿ ಒಬ್ಬ ಶ್ರೀಮಂತರ ಮನೆಯಲ್ಲಿ ಸಣ್ಣಪುಟ್ಟ ರಿಪೇರಿ ಕೆಲಸ ಸಿಕ್ಕಿತು.

ಆಗ ಅವನು ಏನು ಮಾಡಿದ ಗೊತ್ತೇ? ತಾನು ದುಡಿದ ಹಣದಲ್ಲೇ ಒಬ್ಬ ಮೇಷ್ಟರನ್ನು ಗೊತ್ತುಮಾಡಿಕೊಂಡು ಪಾಠ ಹೇಳಿಸಿಕೊಂಡ. ಶಾಲೆ ಬಿಟ್ಟರೂ ಕಲಿಯುವುದನ್ನು ಅವನು ಬಿಡಲಿಲ್ಲ.

ಹೊಲಿಗೆ ಯಂತ್ರವೇ ಗುರು

1895ರಲ್ಲಿ ಗ್ಯಾರೆಟ್ ಕ್ಲೀವ್‌ಲ್ಯಾಂಡ್ ನಗರಕ್ಕೆ ಬಂದ. ಈರಿ ಎಂಬ ದೊಡ್ಡ ಸರೋವರದ ದಂಡೆಯ ಮೇಲಿರುವ ನಗರ ಅದು. ಅಲ್ಲಿ ಬಟ್ಟೆ ತಯಾರಿಸುವ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸ ಅವನ ಕೈಹಿಡಿಯಿತು. ಹೊಲಿಗೆ ಯಂತ್ರವನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಚಕ್ರ ತಿರುಗುತ್ತದೆ, ಪಟ್ಟಿ ಎಳೆಯುತ್ತದೆ, ಸೂಜಿ ಮೇಲೆ ಕೆಳಗೆ ಓಡುತ್ತದೆ. ಒಂದು ಭಾಗದ ಚಲನೆ ಇನ್ನೊಂದಕ್ಕೆ ಹೇಗೆ ಸಾಗುತ್ತದೆ ಎಂಬುದನ್ನು ಗ್ಯಾರೆಟ್ ಈ ಯಂತ್ರಗಳನ್ನು ಬಿಚ್ಚಿ, ಜೋಡಿಸಿ ಕಲಿತ. ಯಂತ್ರದ ಪಟ್ಟಿ ಜಾರದಂತೆ ಬಿಗಿಹಿಡಿಯುವ ಒಂದು ಸಾಧನವನ್ನೂ ತಾನೇ ತಯಾರಿಸಿದ.

1907ರಲ್ಲಿ ಮಾರ್ಗನ್ ಸ್ವಂತ ರಿಪೇರಿ ಅಂಗಡಿ ತೆರೆದರು. ಅವರ ಪತ್ನಿ ಮೇರಿ ಒಳ್ಳೆಯ ಹೊಲಿಗೆ ಬಲ್ಲವರು. ಸ್ವಲ್ಪ ದಿನಗಳಲ್ಲೇ ಇಬ್ಬರೂ ಸೇರಿ ಹೆಂಗಸರ ಉಡುಪುಗಳ ಅಂಗಡಿಯನ್ನೂ ಆರಂಭಿಸಿದರು. ಅಲ್ಲಿ ಮೂವತ್ತಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಿದ್ದರು.

ಒಂದು ಸಲ ಹೀಗಾಯಿತಂತೆ. ಯಂತ್ರದ ಸೂಜಿ ವೇಗವಾಗಿ ಓಡಿದಾಗ ಬಿಸಿಯಾಗಿ ಬಟ್ಟೆಯನ್ನು ಸುಡುತ್ತಿತ್ತು. ಅದನ್ನು ತಡೆಯಲು ಮಾರ್ಗನ್ ಒಂದು ದ್ರವವನ್ನು ತಯಾರಿಸುತ್ತಿದ್ದರು. ಕೈಗೆ ಅಂಟಿದ ದ್ರವವನ್ನು ಒಂದು ಬಟ್ಟೆಗೆ ಒರೆಸಿದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಆ ಬಟ್ಟೆಯ ಗುಂಗುರು ಎಳೆಗಳೆಲ್ಲ ನೆಟ್ಟಗಾಗಿದ್ದವು! ಬೇರೆಯವರಾದರೆ ಆ ಬಟ್ಟೆಯನ್ನು ಎಸೆದು ಸುಮ್ಮನಾಗುತ್ತಿದ್ದರು. ಮಾರ್ಗನ್ ಸುಮ್ಮನಾಗಲಿಲ್ಲ. ಪಕ್ಕದ ಮನೆಯ ನಾಯಿಯ ಗುಂಗುರು ಕೂದಲಿಗೆ ಹಚ್ಚಿ ನೋಡಿದರು, ಬಳಿಕ ತಮ್ಮ ಕೂದಲಿಗೇ ಹಚ್ಚಿ ನೋಡಿದರು. ಹೀಗೆ ಗುಂಗುರು ಕೂದಲನ್ನು ನೇರಮಾಡುವ ಲೇಪ ಸಿದ್ಧವಾಯಿತು. ಅದನ್ನು ಮಾರಲು ಒಂದು ಕಂಪನಿಯನ್ನೇ ತೆರೆದರು. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿತು.

ಹೊಗೆಯೊಳಗೂ ಉಸಿರು

ಹಣ ಬಂತೆಂದು ಮಾರ್ಗನ್ ಆರಾಮವಾಗಿ ಕೂರಲಿಲ್ಲ. ಆ ಕಾಲದಲ್ಲಿ ಬೆಂಕಿ ಅನಾಹುತಗಳು ಹೆಚ್ಚು. ಬೆಂಕಿ ಆರಿಸಲು ಹೋದವರು ಬೆಂಕಿಗಿಂತ ಹೊಗೆಗೇ ಬಲಿಯಾಗುತ್ತಿದ್ದರು. ಇದಕ್ಕೆ ಏನಾದರೂ ಉಪಾಯ ಮಾಡಬೇಕೆಂದು ಅವರಿಗೆ ಅನ್ನಿಸಿತು.

ನೀವು ಅಡುಗೆಮನೆಯಲ್ಲಿ ಒಲೆಯ ಹೊಗೆಯನ್ನು ಗಮನಿಸಿದ್ದೀರಾ? ಬಿಸಿ ಹೊಗೆ ಮೇಲಕ್ಕೆ ಏರಿ ಚಾವಣಿಯ ಹತ್ತಿರ ದಟ್ಟವಾಗುತ್ತದೆ. ನೆಲದ ಹತ್ತಿರ ಹೊಗೆ ಕಡಿಮೆ, ಗಾಳಿಯೂ ತಂಪು. ಮಾರ್ಗನ್ ಹಿಡಿದದ್ದು ಈ ಸರಳ ಸಂಗತಿಯನ್ನೇ. ತಲೆಯನ್ನು ಪೂರ್ತಿ ಮುಚ್ಚುವ ಒಂದು ಮುಸುಕು ಹೊಲಿದರು. ಅದರಿಂದ ಉದ್ದನೆಯ ಕೊಳವೆಗಳು ನೆಲದ ಹತ್ತಿರದವರೆಗೆ ಇಳಿಬೀಳುವಂತೆ ಮಾಡಿದರು. ಕೊಳವೆಯ ತುದಿಯಲ್ಲಿ ಒದ್ದೆ ಸ್ಪಂಜು. ಅದು ಹೊಗೆಯ ಕಣಗಳನ್ನು ತಡೆದು ಗಾಳಿಯನ್ನು ತಣ್ಣಗಾಗಿಸುತ್ತಿತ್ತು. ಈ ಮುಸುಕಿಗೆ 1914ರಲ್ಲಿ ಪೇಟೆಂಟ್ ಸಿಕ್ಕಿತು. ಪೇಟೆಂಟ್ ಎಂದರೆ ಹೊಸ ಸಾಧನವನ್ನು ಕಂಡುಹಿಡಿದವರಿಗೆ ಸರ್ಕಾರ ಕೊಡುವ ಹಕ್ಕುಪತ್ರ.

(ಇಲ್ಲೊಂದು ಮಾತು ನೆನಪಿಡಿ. ಎಲ್ಲಾದರೂ ಹೊಗೆ ತುಂಬಿಕೊಂಡರೆ ಎದ್ದು ನಿಂತು ಓಡಬೇಡಿ. ಬಗ್ಗಿ, ನೆಲಕ್ಕೆ ಹತ್ತಿರವಾಗಿ ತೆವಳುತ್ತಾ ಹೊರಗೆ ಬನ್ನಿ.)

ಮುಸುಕನ್ನು ಮಾರುವುದು ಮಾತ್ರ ಸುಲಭವಾಗಿರಲಿಲ್ಲ. ಕಪ್ಪು ಮನುಷ್ಯ ಮಾಡಿದ ವಸ್ತು ಎಂದು ತಿಳಿದರೆ ದಕ್ಷಿಣದ ರಾಜ್ಯಗಳಲ್ಲಿ ಬಹಳ ಜನ ಕೊಳ್ಳುತ್ತಿರಲಿಲ್ಲ. ಅದಕ್ಕಾಗಿ ಮಾರ್ಗನ್ ಒಬ್ಬ ಬಿಳಿಯ ನಟನನ್ನು ಗೊತ್ತುಮಾಡಿದರು. ಜನರ ಮುಂದೆ ಸಂಶೋಧಕನಂತೆ ನಿಂತು ಮಾತನಾಡುವುದು ಆ ನಟನ ಕೆಲಸ. ಮಾರ್ಗನ್ ಬೇರೆ ವೇಷ ಹಾಕಿಕೊಂಡು, ಮುಸುಕು ಧರಿಸಿ, ಕೆಟ್ಟ ಹೊಗೆ ತುಂಬಿದ ಡೇರೆಯೊಳಗೆ ಹೋಗುತ್ತಿದ್ದರು. ಸುಮಾರು ಇಪ್ಪತ್ತು ನಿಮಿಷ ಅಲ್ಲೇ ಇದ್ದು ನಗುತ್ತಾ ಹೊರಬರುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಸ್ವಂತ ಕೈಯಿಂದ ಮಾಡಿದ ವಸ್ತುವಿನ ಮುಂದೆ ತಾನು ಯಾರೋ ಎಂಬಂತೆ ನಿಲ್ಲಬೇಕಾದಾಗ ಅವರ ಮನಸ್ಸಿಗೆ ಎಷ್ಟು ನೋವಾಗಿರಬಹುದು, ನೀವೇ ಯೋಚಿಸಿ.

ಆ ರಾತ್ರಿಯ ಕರೆ

1916ರ ಜುಲೈ 24ರ ರಾತ್ರಿ. ಕ್ಲೀವ್‌ಲ್ಯಾಂಡ್ ನಗರಕ್ಕೆ ಕುಡಿಯುವ ನೀರು ತರಲು ಈರಿ ಸರೋವರದ ತಳದಲ್ಲಿ ಸುರಂಗ ಕೊರೆಯುತ್ತಿದ್ದರು. ನೆಲದೊಳಗಿನ ಅನಿಲ ಸುರಂಗದಲ್ಲಿ ತುಂಬಿಕೊಂಡು ಇದ್ದಕ್ಕಿದ್ದಂತೆ ಸ್ಫೋಟವಾಯಿತು. ಒಳಗೆ ಕೆಲಸಗಾರರು ಸಿಕ್ಕಿಹಾಕಿಕೊಂಡರು. ಅವರನ್ನು ಉಳಿಸಲು ಹೋದವರೂ ವಿಷಾನಿಲಕ್ಕೆ ಸಿಕ್ಕಿ ಒಳಗೇ ಕುಸಿದುಬಿದ್ದರು. ಮತ್ತೊಂದು ತಂಡ ಹೋಯಿತು. ಅವರ ಗತಿಯೂ ಅದೇ ಆಯಿತು. ಇನ್ನು ಒಳಗೆ ಇಳಿಯಲು ಯಾರಿಗೂ ಧೈರ್ಯ ಬರಲಿಲ್ಲ.

ಮಾರ್ಗನ್ ಅವರ ಮುಸುಕಿನ ಪ್ರಯೋಗ ನೋಡಿದ್ದ ಯಾರಿಗೋ ಆಗ ಅವರ ನೆನಪಾಯಿತು. ನಡುರಾತ್ರಿಯಲ್ಲಿ ಕರೆ ಬಂತು. ಮಾರ್ಗನ್ ತಮ್ಮ ಸಹೋದರ ಫ್ರ್ಯಾಂಕ್ ಅವರನ್ನೂ ಕರೆದುಕೊಂಡು, ಮುಸುಕುಗಳನ್ನು ಹೊತ್ತು, ರಾತ್ರಿ ಉಡುಪಿನಲ್ಲೇ ಓಡಿ ಬಂದರು.

ಅಲ್ಲಿದ್ದವರಿಗೆ ಮುಸುಕಿನ ಮೇಲೆ ನಂಬಿಕೆ ಇರಲಿಲ್ಲ. ಮಾರ್ಗನ್ ಸಹೋದರರು ಮತ್ತಿಬ್ಬರು ಮಾತ್ರ ಒಳಗೆ ಇಳಿದರು. ಗಾಢ ಕತ್ತಲೆ. ಕೆಸರು. ಎಲ್ಲಿ ಮತ್ತೆ ಸ್ಫೋಟವಾಗುವುದೋ ಎಂಬ ಭಯ. ತಡವರಿಸುತ್ತಾ ಮುಂದೆ ಹೋದ ಅವರು ಇನ್ನೂ ಉಸಿರಾಡುತ್ತಿದ್ದ ಇಬ್ಬರನ್ನು ಹೊರಗೆ ತಂದರು. ಅದನ್ನು ನೋಡಿ ಇತರರೂ ಮುಸುಕು ಹಾಕಿಕೊಂಡು ಒಳಗೆ ಇಳಿದರು. ಮಾರ್ಗನ್ ಮತ್ತೆ ಮತ್ತೆ ಸುರಂಗಕ್ಕೆ ಹೋಗಿ ಬಂದರು. ಆ ದುರಂತದಲ್ಲಿ ಸುಮಾರು ಇಪ್ಪತ್ತು ಜನ ಸತ್ತರು. ಆದರೂ ಅಂದು ಮಾರ್ಗನ್ ಇರದಿದ್ದರೆ ಆ ಇಬ್ಬರೂ ಉಳಿಯುತ್ತಿರಲಿಲ್ಲ.

ಇಂಥ ಸಾಹಸಕ್ಕೆ ದೊಡ್ಡ ಬಹುಮಾನ ಬರಬೇಕಲ್ಲವೇ? ಬಂತು, ಆದರೆ ಬೇರೆಯವರಿಗೆ. ವೀರರಿಗೆ ಕೊಡುವ ಪದಕದ ಪಟ್ಟಿಯಲ್ಲಿ ಮಾರ್ಗನ್ ಹೆಸರು ಇರಲಿಲ್ಲ. ಪತ್ರಿಕೆಗಳಲ್ಲಿ ಅವರ ಚಿತ್ರ ಬಂದಾಗ ಮುಸುಕು ಮಾಡಿದವರು ಕಪ್ಪು ಮನುಷ್ಯ ಎಂಬುದು ಎಲ್ಲರಿಗೂ ತಿಳಿಯಿತು. ಆಗ ಕೆಲವು ಊರುಗಳು ತಾವು ಕೊಳ್ಳಬೇಕೆಂದಿದ್ದ ಮುಸುಕುಗಳು ಬೇಡವೆಂದವು. ತಮ್ಮ ಜೀವ ಉಳಿಸುವ ವಸ್ತುವನ್ನೇ ಬೇಡವೆನ್ನುವಷ್ಟು ಕುರುಡಾಗಿತ್ತು ಆ ಭೇದಭಾವ. ಕೊನೆಗೆ ಕ್ಲೀವ್‌ಲ್ಯಾಂಡಿನ ಕೆಲವು ನಾಗರಿಕರು ತಾವೇ ಸೇರಿ ಅವರಿಗೆ ಒಂದು ಚಿನ್ನದ ಪದಕ ಮಾಡಿಸಿಕೊಟ್ಟರು.

ರಸ್ತೆಯಲ್ಲಿ ಗೊಂದಲ

ಮಾರ್ಗನ್ ಒಂದು ಕಾರು ಕೊಂಡರು. ಕ್ಲೀವ್‌ಲ್ಯಾಂಡಿನಲ್ಲಿ ಕಾರು ಇಟ್ಟುಕೊಂಡ ಮೊದಲ ಕಪ್ಪು ಮನುಷ್ಯ ಅವರೇ ಎನ್ನುತ್ತಾರೆ. ಆ ಕಾಲದ ರಸ್ತೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕುದುರೆ ಗಾಡಿಗಳು, ಟ್ರಾಮುಗಳು, ಬೈಸಿಕಲ್ಲುಗಳು, ತಳ್ಳುಗಾಡಿಗಳು, ನಡೆದು ಹೋಗುವ ಜನ. ಇವೆಲ್ಲದರ ನಡುವೆ ಹೊಸದಾಗಿ ಬಂದ ಮೋಟಾರು ಕಾರುಗಳು. ಕುದುರೆಯ ವೇಗವೇ ಬೇರೆ, ಕಾರಿನ ವೇಗವೇ ಬೇರೆ. ರಸ್ತೆಗಳು ಕೂಡುವ ಕಡೆ ದಿನವೂ ಡಿಕ್ಕಿ.

ಆ ಹೊತ್ತಿಗೆ ಸಿಗ್ನಲ್‌ಗಳೇ ಇರಲಿಲ್ಲವೇ? ಇದ್ದವು. 1868ರಲ್ಲೇ ಲಂಡನ್ನಿನಲ್ಲಿ ಜೆ. ಪಿ. ನೈಟ್ ಎಂಬ ರೈಲ್ವೆ ಎಂಜಿನಿಯರ್ ರೈಲ್ವೆ ಕೈಕಂಬದ ಮಾದರಿಯ ಸಿಗ್ನಲ್ ಒಂದನ್ನು ರಸ್ತೆಗೆ ತಂದಿದ್ದರು. ರಾತ್ರಿ ಹೊತ್ತು ಅದರಲ್ಲಿ ಗ್ಯಾಸಿನ ಕೆಂಪು, ಹಸಿರು ದೀಪ ಉರಿಯುತ್ತಿತ್ತು. ಮರುವರ್ಷ ಗ್ಯಾಸು ಸಿಡಿದು ಪೊಲೀಸನೊಬ್ಬ ಗಾಯಗೊಂಡದ್ದರಿಂದ ಅದು ಅಲ್ಲಿಗೇ ನಿಂತಿತು. ಮಾರ್ಗನ್ ಇದ್ದ ಕ್ಲೀವ್‌ಲ್ಯಾಂಡಿನಲ್ಲೇ 1914ರ ಆಗಸ್ಟ್ 5ರಂದು ವಿದ್ಯುತ್ ಸಿಗ್ನಲ್ ಬಂದಿತ್ತು. ಅದರಲ್ಲಿ ಕೆಂಪು ಮತ್ತು ಹಸಿರು ಎರಡೇ ದೀಪ. 1920ರಲ್ಲಿ ಡೆಟ್ರಾಯಿಟ್ ನಗರದ ಪೊಲೀಸ್ ಅಧಿಕಾರಿ ವಿಲಿಯಂ ಪಾಟ್ಸ್ ಕೆಂಪು, ಹಳದಿ, ಹಸಿರು ಮೂರೂ ಬಣ್ಣದ ದೀಪಗಳನ್ನು ನಾಲ್ಕು ದಿಕ್ಕಿಗೂ ಕಾಣುವಂತೆ ಜೋಡಿಸಿದ್ದರು. ಆದ್ದರಿಂದ ಟ್ರಾಫಿಕ್ ಸಿಗ್ನಲನ್ನು ಕಂಡುಹಿಡಿದವರು ಮಾರ್ಗನ್ ಒಬ್ಬರೇ ಎಂದು ಎಲ್ಲಾದರೂ ಓದಿದರೆ ಅದು ಪೂರ್ತಿ ಸರಿಯಲ್ಲ. ಅನೇಕರು ಒಂದೊಂದು ಕಲ್ಲು ಇಟ್ಟು ಕಟ್ಟಿದ ಮನೆ ಅದು. ಮಾರ್ಗನ್ ಇಟ್ಟ ಕಲ್ಲು ಯಾವುದು?

ಹೆಚ್ಚಿನ ಕಡೆ ಇದ್ದದ್ದು ನಿಲ್ಲು, ಹೋಗು ಎಂಬ ಎರಡೇ ಸೂಚನೆಗಳ ಸಿಗ್ನಲ್. ಅದರಲ್ಲಿ ಒಂದು ಕೊರತೆ ಇತ್ತು. ಒಂದು ದಿಕ್ಕಿಗೆ ನಿಲ್ಲು ಎಂದ ಕೂಡಲೇ ಇನ್ನೊಂದು ದಿಕ್ಕಿಗೆ ಹೋಗು ಎಂದಾಗುತ್ತಿತ್ತು. ಆದರೆ ಆ ಗಳಿಗೆಯಲ್ಲಿ ರಸ್ತೆಯ ನಡುವೆ ಇರುವ ಗಾಡಿ ಏನಾಗಬೇಕು? ಅದು ದಾಟಿ ಮುಗಿಸುವ ಮೊದಲೇ ಅಡ್ಡದಿಂದ ಇನ್ನೊಂದು ಗಾಡಿ ಬಂದು ಗುದ್ದುತ್ತಿತ್ತು. ಅಂಥ ಒಂದು ಭೀಕರ ಅಪಘಾತವನ್ನು ಕಣ್ಣಾರೆ ಕಂಡು ಮಾರ್ಗನ್ ಬಹಳ ನೊಂದರು ಎಂದು ಅವರ ಜೀವನ ಬರೆದವರು ಹೇಳುತ್ತಾರೆ.

ಎಲ್ಲರೂ ನಿಲ್ಲುವ ಗಳಿಗೆ

ಮಾರ್ಗನ್ ಮಾಡಿದ ಸಿಗ್ನಲ್ ನೋಡಲು ಇಂಗ್ಲಿಷಿನ ಟಿ ಅಕ್ಷರದಂತಿತ್ತು. ಒಂದು ಎತ್ತರದ ಕಂಬ, ಅದಕ್ಕೆ ಅಡ್ಡ ತೋಳುಗಳು. ಪೊಲೀಸನು ಹಿಡಿಕೆ ತಿರುಗಿಸಿದರೆ ತೋಳುಗಳು ಏರಿ, ಇಳಿದು, ತಿರುಗುತ್ತಿದ್ದವು. ಹೊಲಿಗೆ ಯಂತ್ರದ ಚಲನೆಯನ್ನು ಅರೆದು ಕುಡಿದಿದ್ದ ಅವರಿಗೆ ಇಂಥ ಯಂತ್ರ ಮಾಡುವುದು ಕಷ್ಟವಾಗಲಿಲ್ಲ. ನಿಲ್ಲು, ಹೋಗು ಎಂಬ ಎರಡು ಸ್ಥಿತಿಗಳ ಜೊತೆಗೆ ಅವರು ಮೂರನೆಯದೊಂದನ್ನು ಸೇರಿಸಿದರು. ಅದೇ ಎಲ್ಲ ದಿಕ್ಕಿನವರೂ ನಿಲ್ಲುವ ಸ್ಥಿತಿ. ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ಸರದಿ ಬದಲಾಗುವ ಮುನ್ನ ಸ್ವಲ್ಪ ಹೊತ್ತು ಎಲ್ಲರೂ ನಿಲ್ಲಬೇಕು. ಆ ಹೊತ್ತಿನಲ್ಲಿ ನಡುವೆ ಇರುವ ಗಾಡಿ ದಾಟಿಹೋಗುತ್ತದೆ. ನಡೆದು ಹೋಗುವವರೂ ರಸ್ತೆ ದಾಟಬಹುದು. ಸಿಗ್ನಲ್ ನಡೆಸುವವರು ಇಲ್ಲದ ವೇಳೆಯಲ್ಲಿ ತೋಳುಗಳನ್ನು ಅರ್ಧಕ್ಕೆ ಇಳಿಸಿ ಬಿಟ್ಟರೆ, ನಿಧಾನವಾಗಿ ನೋಡಿಕೊಂಡು ಹೋಗಿ ಎಂದು ಅರ್ಥ. ಇಂದು ರಾತ್ರಿ ಹೊತ್ತು ಮಿಣುಕುವ ಹಳದಿ ದೀಪವೂ ಇದನ್ನೇ ಹೇಳುತ್ತದೆ.

1922ರಲ್ಲಿ ಮಾರ್ಗನ್ ಅರ್ಜಿ ಹಾಕಿದರು. 1923ರ ನವೆಂಬರ್ 20ರಂದು ಅಮೆರಿಕ ಸರ್ಕಾರ ಅವರಿಗೆ ಪೇಟೆಂಟ್ ಕೊಟ್ಟಿತು. ಮುಂದೆ ತಾನಾಗಿ ಬದಲಾಗುವ ವಿದ್ಯುತ್ ದೀಪಗಳು ಬಂದು ಕೈಯಿಂದ ತಿರುಗಿಸುವ ಕಂಬಗಳು ಮೂಲೆ ಸೇರಿದವು. ಆದರೆ ಸರದಿ ಬದಲಾಗುವ ಮುನ್ನ ನಡುವೆ ಒಂದು ಬಿಡುವು ಬೇಕು ಎಂಬ ವಿಚಾರ ಉಳಿಯಿತು. ಇಂದಿನ ಅನೇಕ ಸಿಗ್ನಲ್‌ಗಳಲ್ಲಿ ಹಳದಿ ಆರಿದ ಮೇಲೆ ಒಂದೆರಡು ಸೆಕೆಂಡು ಎಲ್ಲ ದಿಕ್ಕಿಗೂ ಕೆಂಪೇ ಇರುತ್ತದೆ. ಮುಂದಿನ ಸಲ ಗಮನಿಸಿ ನೋಡಿ.

ಹಳದಿ ದೀಪದ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಳದಿ ದೀಪ ಸುಮಾರು 3 ಸೆಕೆಂಡು ಏಕೆ ಉರಿಯುತ್ತದೆ? ಗಣಿತವೇ ಇದಕ್ಕೆ ಉತ್ತರ ಹೇಳುತ್ತದೆ.

ಒಂದು ಕಾರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಎನ್ನಿ. ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಚಾಲಕ ಹಳದಿ ದೀಪ ನೋಡಿ, ನಿಲ್ಲಿಸಬೇಕೆಂದು ತೀರ್ಮಾನಿಸಿ, ಬ್ರೇಕಿನ ಮೇಲೆ ಕಾಲಿಡಲು ಸುಮಾರು 1 ಸೆಕೆಂಡು ಬೇಕು. ಅಷ್ಟರಲ್ಲೇ ಕಾರು 11 ಮೀಟರ್ ಮುಂದೆ ಬಂದಿರುತ್ತದೆ! ಬಳಿಕ ಬ್ರೇಕು ಹಿಡಿದು, ಒಳಗಿದ್ದವರು ಮುಗ್ಗರಿಸದಂತೆ ನಿಲ್ಲಲು ಇನ್ನೂ ಸುಮಾರು 20 ಮೀಟರ್ ಬೇಕು. ಒಟ್ಟು 31 ಮೀಟರಿನಷ್ಟಾಯಿತು.

ಈಗ ನೋಡಿ. ಅದೇ ವೇಗದಲ್ಲಿ ಹೋದರೆ ಕಾರು 3 ಸೆಕೆಂಡಿನಲ್ಲಿ 33 ಮೀಟರ್ ಸಾಗುತ್ತದೆ. ಹಾಗಾದರೆ ಹಳದಿ ಬಂದಾಗ ಕಾರು ನಿಲುಗಡೆ ಗೆರೆಯಿಂದ 31 ಮೀಟರಿಗಿಂತ ದೂರ ಇದ್ದರೆ ಚೆನ್ನಾಗಿ ನಿಲ್ಲಬಹುದು. ಅದಕ್ಕಿಂತ ಹತ್ತಿರ ಇದ್ದರೆ ಕೆಂಪು ಬರುವ ಮೊದಲೇ ಗೆರೆ ದಾಟಬಹುದು. ಯಾರಿಗೂ ಅನ್ಯಾಯವಿಲ್ಲ, ಯಾರಿಗೂ ಅಪಾಯವಿಲ್ಲ. ಹಳದಿ ದೀಪ ಎಂದರೆ ಬೇಗ ಓಡು ಎಂದಲ್ಲ. ನಿಲ್ಲಲು ಸಾಧ್ಯವಿದ್ದವರೆಲ್ಲ ನಿಲ್ಲಿ ಎಂದು ಅದರ ಅರ್ಥ.

ಆದರೆ ವೇಗ ಹೆಚ್ಚಾದರೆ ಈ ಲೆಕ್ಕ ತಪ್ಪುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. 20 ಮೀಟರ್ ಇದ್ದದ್ದು 80 ಮೀಟರ್ ಆಗುತ್ತದೆ. ಅದಕ್ಕೇ ಸಿಗ್ನಲ್ ಹತ್ತಿರ ಬರುವಾಗ ವೇಗ ತಗ್ಗಿಸಬೇಕು.

ಕೆಂಪು ದೀಪ ಕಾಯುವ ಕ್ಯಾಮೆರಾ

ಇಷ್ಟೆಲ್ಲ ಲೆಕ್ಕ ಹಾಕಿ ದೀಪ ಇಟ್ಟರೂ ಕೆಲವರು ಕೆಂಪು ದೀಪವನ್ನು ಲೆಕ್ಕಿಸದೆ ನುಗ್ಗುತ್ತಾರೆ. ಎಲ್ಲ ಕಡೆಯೂ ಹಗಲೂ ರಾತ್ರಿ ಪೊಲೀಸರು ನಿಲ್ಲಲು ಆದೀತೇ? ಅದಕ್ಕೇ ಬಂತು ಕ್ಯಾಮೆರಾ. ಇದರ ಕಥೆಯೂ ಸ್ವಾರಸ್ಯವಾಗಿದೆ. 1953ರಲ್ಲಿ ಮಾಂಟೆ ಕಾರ್ಲೊ ಕಾರು ಸ್ಪರ್ಧೆಯನ್ನು ಗೆದ್ದ ನೆದರ್ಲೆಂಡ್ಸ್‌ನ ಮೌಸ್ ಗಾಟ್ಸೊನಿಡೀಸ್, ತಿರುವಿನಲ್ಲಿ ತಮ್ಮ ಕಾರಿನ ವೇಗ ಎಷ್ಟೆಂದು ತಿಳಿಯಲು ಒಂದು ಸಾಧನ ಮಾಡಿದ್ದರು. ಅದನ್ನೇ ಮುಂದೆ ಪೊಲೀಸರು ಅತಿವೇಗದ ಚಾಲಕರನ್ನು ಹಿಡಿಯಲು ಬಳಸಿದರು! 1960ರ ದಶಕದಲ್ಲಿ ಅವರ ಕಂಪನಿಯೇ ಕೆಂಪು ದೀಪ ದಾಟುವವರನ್ನು ಹಿಡಿಯುವ ಕ್ಯಾಮೆರಾವನ್ನೂ ತಯಾರಿಸಿತು. ಆಗ ರಸ್ತೆಗೆ ಅಡ್ಡಲಾಗಿ ರಬ್ಬರ್ ಕೊಳವೆ ಹಾಸುತ್ತಿದ್ದರು. ಚಕ್ರ ಅದರ ಮೇಲೆ ಹತ್ತಿದರೆ ಒಳಗಿನ ಗಾಳಿ ಒತ್ತಲ್ಪಟ್ಟು ಕ್ಯಾಮೆರಾಕ್ಕೆ ಸೂಚನೆ ಹೋಗುತ್ತಿತ್ತು.

ಆಮೇಲೆ ಬಂದ ಕ್ಯಾಮೆರಾಗಳಲ್ಲಿ ರಬ್ಬರ್ ಕೊಳವೆಯ ಬದಲು ನಿಲುಗಡೆ ಗೆರೆಯ ಹತ್ತಿರ ರಸ್ತೆಯ ಅಡಿಯಲ್ಲಿ ತಂತಿಯ ಸುರುಳಿ ಹೂಳಿದರು. ಸುರುಳಿಯಲ್ಲಿ ವಿದ್ಯುತ್ ಹರಿಯುವಾಗ ಅದರ ಸುತ್ತ ಕಾಂತಕ್ಷೇತ್ರ ಇರುತ್ತದೆ. ಲೋಹದ ವಾಹನ ಅದರ ಮೇಲೆ ಬಂದರೆ ಆ ಕ್ಷೇತ್ರ ಬದಲಾಗುತ್ತದೆ. ಆಗ ವಾಹನ ಬಂದಿದೆ ಎಂದು ಯಂತ್ರಕ್ಕೆ ತಿಳಿಯುತ್ತದೆ. ಈ ಯಂತ್ರಕ್ಕೂ ಸಿಗ್ನಲ್ ದೀಪಕ್ಕೂ ಸಂಪರ್ಕ ಇರುತ್ತದೆ. ದೀಪ ಹಸಿರು ಅಥವಾ ಹಳದಿ ಇದ್ದರೆ ಕ್ಯಾಮೆರಾ ಸುಮ್ಮನಿರುತ್ತದೆ. ಕೆಂಪು ಬಂದ ಮೇಲೆ ವಾಹನ ಗೆರೆ ದಾಟಿದರೆ ಮಾತ್ರ ಅದು ಚಿತ್ರ ತೆಗೆಯುತ್ತದೆ.

ಸಾಮಾನ್ಯವಾಗಿ ಎರಡು ಚಿತ್ರ. ಮೊದಲನೆಯದರಲ್ಲಿ ವಾಹನ ಗೆರೆಯ ಬಳಿ ಇರುತ್ತದೆ, ದೀಪ ಕೆಂಪಾಗಿರುತ್ತದೆ. ಸ್ವಲ್ಪ ಹೊತ್ತಿನ ನಂತರದ ಎರಡನೆಯದರಲ್ಲಿ ವಾಹನ ಕೂಡುರಸ್ತೆಯ ನಡುವೆ ಇರುತ್ತದೆ. ಎರಡು ಚಿತ್ರ ಏಕೆ? ಗೆರೆಯನ್ನು ಸ್ವಲ್ಪ ದಾಟಿ ನಿಂತುಬಿಟ್ಟವರು ಯಾರು, ನಿಲ್ಲದೆ ನುಗ್ಗಿದವರು ಯಾರು ಎಂದು ತಿಳಿಯಲು. ಹಳದಿ ಇದ್ದಾಗಲೇ ನಡುವೆ ಬಂದಿದ್ದ ವಾಹನದ ಚಿತ್ರ ಬರುವುದಿಲ್ಲ. ಮಾರ್ಗನ್ ಕೊಟ್ಟ ಬಿಡುವನ್ನು ಈ ಕ್ಯಾಮೆರಾವೂ ಗೌರವಿಸುತ್ತದೆ ನೋಡಿ!

ಇತ್ತೀಚಿನ ಕ್ಯಾಮೆರಾಗಳಿಗೆ ತಂತಿಯ ಸುರುಳಿಯೂ ಬೇಕಿಲ್ಲ. ವಿಡಿಯೊ ಚಿತ್ರದಲ್ಲೇ ಕಂಪ್ಯೂಟರು ಗೆರೆಯನ್ನೂ ವಾಹನವನ್ನೂ ಗುರುತಿಸಿ, ನಂಬರ್ ಪ್ಲೇಟನ್ನು ಓದುತ್ತದೆ. ವಾಹನದ ಮಾಲೀಕರಿಗೆ ದಂಡದ ನೋಟಿಸು ಹೋಗುತ್ತದೆ. ಬೆಂಗಳೂರಿನ ಪ್ರಮುಖ ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರ್‌ನಲ್ಲಿ ಇಂಥ ಕ್ಯಾಮೆರಾಗಳ ವ್ಯವಸ್ಥೆ ಆರಂಭವಾಯಿತು. ನಮ್ಮ ದೇಶದ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಯಿತು. ಅದರಂತೆ ಕೆಂಪು ದೀಪ ದಾಟಿ ಹೋಗುವುದು ಅಪಾಯಕಾರಿ ಚಾಲನೆ ಎನಿಸುತ್ತದೆ.

ಆದರೆ ಕ್ಯಾಮೆರಾ ಇದೆಯೆಂದು ನಿಲ್ಲುವುದು ಬೇರೆ, ಅಡ್ಡ ಬರುವವರ ಜೀವ ಮುಖ್ಯವೆಂದು ನಿಲ್ಲುವುದು ಬೇರೆ. ಕ್ಯಾಮೆರಾ ನಡೆದದ್ದನ್ನು ತೋರಿಸೀತು, ಹೋದ ಜೀವವನ್ನು ತಂದುಕೊಡಲಾರದು.

ಕಣ್ಣು ಮಂಜಾದರೂ

ಮಾರ್ಗನ್ ಕೊನೆಯವರೆಗೂ ಸುಮ್ಮನೆ ಕುಳಿತವರಲ್ಲ. 1920ರಲ್ಲಿ ಕಪ್ಪು ಜನರ ಸುದ್ದಿಗಳಿಗಾಗಿ ಒಂದು ಪತ್ರಿಕೆ ಆರಂಭಿಸಿದ್ದರು. ತಮ್ಮ ಜನರ ಹಕ್ಕುಗಳಿಗಾಗಿ ದುಡಿದರು. 1943ರ ಹೊತ್ತಿಗೆ ಗ್ಲಾಕೋಮಾ ಎಂಬ ಕಣ್ಣಿನ ರೋಗದಿಂದ ಅವರ ದೃಷ್ಟಿ ಬಹುಪಾಲು ಹೋಯಿತು. ಆದರೂ ಹೊಸ ಸಾಧನಗಳ ಯೋಚನೆಯನ್ನು ಬಿಡಲಿಲ್ಲ. 1963ರ ಜುಲೈ 27ರಂದು, 86ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಸಿಗಬೇಕಾದ ಗೌರವ ತಡವಾಗಿಯಾದರೂ ಸಿಕ್ಕಿತು. ಯಾವ ನಗರದ ನೀರಿನ ಸುರಂಗದಲ್ಲಿ ಅವರು ಜೀವ ಪಣಕ್ಕಿಟ್ಟಿದ್ದರೋ ಅದೇ ಕ್ಲೀವ್‌ಲ್ಯಾಂಡ್ ನಗರ 1991ರಲ್ಲಿ ತನ್ನ ಒಂದು ನೀರು ಶುದ್ಧೀಕರಣ ಘಟಕಕ್ಕೆ ಅವರ ಹೆಸರಿಟ್ಟಿತು. 2005ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಅವರ ಹೆಸರು ಸೇರಿತು.

ಮಕ್ಕಳೇ, ನಿಮ್ಮ ಊರಿನಲ್ಲಿ ಸಿಗ್ನಲ್ ಇಲ್ಲದಿರಬಹುದು. ಆದರೆ ರಸ್ತೆ ಇದೆಯಲ್ಲ? ದಾಟುವ ಮುನ್ನ ಒಂದು ಗಳಿಗೆ ನಿಲ್ಲಿ. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೊಮ್ಮೆ ಬಲಕ್ಕೆ ನೋಡಿ. ಸಿಗ್ನಲ್ ಇರುವ ಕಡೆ ಜೀಬ್ರಾ ಪಟ್ಟೆಯ ಮೇಲೆಯೇ ದಾಟಿ. ಅಪ್ಪನ ಜೊತೆ ಬೈಕಿನಲ್ಲಿ ಹೋಗುವಾಗ ಹಳದಿ ದೀಪ ಕಂಡು ಅಪ್ಪ ವೇಗ ಹೆಚ್ಚಿಸಿದರೆ, ನಿಧಾನ ಅಪ್ಪ ಎಂದು ಬೆನ್ನು ತಟ್ಟಿ ಹೇಳಿ. ಹಳದಿ ದೀಪದ ಲೆಕ್ಕವನ್ನೂ ಮನೆಗೆ ಬಂದ ಮೇಲೆ ಅವರಿಗೆ ವಿವರಿಸಿ. ಎಲ್ಲರೂ ಒಂದು ಗಳಿಗೆ ನಿಂತರೆ ಎಲ್ಲರೂ ಮನೆ ಸೇರಬಹುದು. ಮಾರ್ಗನ್ ತಮ್ಮ ಕಂಬದ ಮೂಲಕ ಹೇಳಿದ್ದು ಇಷ್ಟೇ.

ಮಾಡಿ ನೋಡಿ

ಬೇಕಾಗುವ ವಸ್ತು: 30 ಸೆಂಟಿಮೀಟರ್ ಉದ್ದದ ಒಂದು ಸ್ಕೇಲು.

ಗೆಳೆಯ ಅಥವಾ ಗೆಳತಿ ಸ್ಕೇಲಿನ ಮೇಲಿನ ತುದಿಯನ್ನು ಹಿಡಿದು ನೇರವಾಗಿ ತೂಗುಬಿಡಲಿ. ಸೊನ್ನೆ ಇರುವ ತುದಿ ಕೆಳಗಿರಲಿ. ಆ ತುದಿಯ ಎರಡೂ ಪಕ್ಕಕ್ಕೆ ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳನ್ನು ಸ್ಕೇಲಿಗೆ ತಾಗದಂತೆ ಇಟ್ಟುಕೊಳ್ಳಿ. ಅವರು ಮುನ್ಸೂಚನೆ ಕೊಡದೆ ಸ್ಕೇಲನ್ನು ಬಿಡಬೇಕು. ನೀವು ತಟ್ಟನೆ ಹಿಡಿಯಬೇಕು. ಎಷ್ಟನೆಯ ಸೆಂಟಿಮೀಟರಿನಲ್ಲಿ ಹಿಡಿದಿರಿ ನೋಡಿ.

10 ಸೆಂಟಿಮೀಟರಿನಲ್ಲಿ ಹಿಡಿದರೆ ನೀವು ತೆಗೆದುಕೊಂಡ ಸಮಯ ಸುಮಾರು 0.14 ಸೆಕೆಂಡು. 20 ಸೆಂಟಿಮೀಟರಿನಲ್ಲಾದರೆ ಸುಮಾರು 0.20 ಸೆಕೆಂಡು. 30 ಸೆಂಟಿಮೀಟರಿನಲ್ಲಾದರೆ ಸುಮಾರು 0.25 ಸೆಕೆಂಡು. ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಆಮೇಲೆ ಪಕ್ಕದಲ್ಲಿ ಒಬ್ಬರು ನಿಮ್ಮನ್ನು ಮಾತನಾಡಿಸುತ್ತಿರುವಾಗ ಮತ್ತೆ ಐದು ಸಲ ಮಾಡಿ. ಸಮಯ ಹೆಚ್ಚಾಯಿತೇ? ಹಾಗಾದರೆ ವಾಹನ ಓಡಿಸುವಾಗ ಮೊಬೈಲಿನಲ್ಲಿ ಮಾತನಾಡಿದರೆ ಏನಾಗಬಹುದು? ತರಗತಿಯಲ್ಲಿ ಚರ್ಚಿಸಿ.